ಹೆರಿಗೆ ವಾರ್ಡಿನಲ್ಲಿ ದುಡಿಯುವ ಗರ್ಭಿಣಿ



2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಮಾಡಿಸಿಕೊಂಡ ಐವರು ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟ್ ಎಂಬ ದ್ರಾವಣದ ಹೆಸರು ಆಗ ಚಹಾದಂಗಡಿಯ ಬಾಯಲ್ಲೂ ಬಂತು. ಹೆರಿಗೆಗೆ ಹೋದ ಹೆಣ್ಣುಮಗಳು ಹೆಣವಾಗಿ ಬಂದಳಲ್ಲ ಎಂಬ ಸಂಕಟದಲ್ಲಿ ಈ ಜಿಲ್ಲೆ ಆಸ್ಪತ್ರೆಗಳತ್ತ ಕಣ್ಣಿಟ್ಟು ನೋಡಿತು. ಆ ನೋಟವನ್ನು ಇವತ್ತು ಸ್ವಲ್ಪ ಪಕ್ಕಕ್ಕೆ ತಿರುಗಿಸಿ ಎಂದು ಕೇಳಿಕೊಳ್ಳುತ್ತೇನೆ. ಮಂಚದ ಮೇಲಿರುವ ಗರ್ಭಿಣಿಯನ್ನು ಕಂಡಿದ್ದೇವೆ. ಮಂಚದ ಪಕ್ಕ ಬಿಳಿ ಕೋಟು ತೊಟ್ಟು ಎಂಟು ತಾಸು ನಿಂತಿರುವ ಗರ್ಭಿಣಿಯನ್ನು ನಾವು ಕಂಡಿಲ್ಲ. ಆಕೆ ಸ್ಟಾಫ್ ನರ್ಸ್, ಲ್ಯಾಬ್ ಟೆಕ್ನಿಷಿಯನ್, ಆಯಾ, ಡ್ಯೂಟಿ ಡಾಕ್ಟರ್. ಆಕೆಯ ಬಸುರು, ಬಾಣಂತನ, ನೌಕರಿ ಈ ಮೂರರ ನಡುವೆ ಏನಾಗುತ್ತದೆ ಎಂಬುದೇ ಈ ಉಪನ್ಯಾಸದ ವಿಷಯ.

ಬಟ್ಟೆ ಅಂಗಡಿಯ ಮಾಲೀಕನಿಗೆ ಬಸುರಿನ ಏಳನೆಯ ತಿಂಗಳಲ್ಲಿ ಕಾಲು ಬಾಯುವುದು ಯಾಕೆಂದು ಗೊತ್ತಿಲ್ಲದಿರಬಹುದು. ಆಸ್ಪತ್ರೆ ನಡೆಸುವವರಿಗೆ ಗೊತ್ತಿದೆ. ರಕ್ತದೊತ್ತಡ, ರಕ್ತಹೀನತೆ, ದಿನ ತುಂಬುವ ಮೊದಲೇ ಆಗುವ ಹೆರಿಗೆ ಇವನ್ನೆಲ್ಲ ಅವರು ದಿನವೂ ಕಾಣುತ್ತಾರೆ. ಹೊರಗಿನಿಂದ ಬಂದ ಬಸುರಿಗೆ “ಭಾರ ಎತ್ತಬೇಡಮ್ಮ, ಬಹಳ ಹೊತ್ತು ನಿಲ್ಲಬೇಡ” ಎಂದು ಚೀಟಿ ಬರೆದುಕೊಡುವ ಕೈಯೇ ಒಳಗಿನ ಬಸುರಿಗೆ ವಾರವಿಡೀ ನೈಟ್ ಡ್ಯೂಟಿ ಹಾಕುತ್ತದೆ. ಹಾಗಾಗಿ ಆಸ್ಪತ್ರೆಯಲ್ಲಿ ನಡೆಯುವ ತಾರತಮ್ಯವನ್ನು ನಾನು ಬೇರೆ ಕಡೆಯದಕ್ಕಿಂತ ಹೆಚ್ಚು ಗಂಭೀರವೆಂದು ಎಣಿಸುತ್ತೇನೆ. ತಿಳಿದೂ ಮಾಡುವ ಅನ್ಯಾಯ ಅದು.

ಹೇಗೆ ನಡೆಯುತ್ತದೆ ಇದು? “ನೀನು ಬಸುರಿ, ಕೆಲಸ ಬಿಡು” ಎಂದು ಯಾರೂ ಕಾಗದ ಕೊಡುವುದಿಲ್ಲ. ಕುಬಸದ ಸುದ್ದಿ ಕಿವಿಗೆ ಬಿದ್ದ ಮೇಲೆ ಮಾತು ಮೆತ್ತಗಾಗುತ್ತದೆ. “ಆರಾಮ ತಗೋಮ್ಮ, ಡೆಲಿವರಿ ಆದ್ಮ್ಯಾಲೆ ಬಾ, ನೋಡಾಣ.” ಆಕೆ ತವರಿಗೆ ಹೋಗುತ್ತಾಳೆ. ಆರು ತಿಂಗಳ ಕೂಸನ್ನು ಅಮ್ಮನ ಕೈಗೆ ಕೊಟ್ಟು ವಾಪಸು ಬಂದರೆ ಆಕೆಯ ಜಾಗದಲ್ಲಿ ಇನ್ನೊಬ್ಬಳಿದ್ದಾಳೆ, ಅದೂ ಕಡಿಮೆ ಸಂಬಳಕ್ಕೆ. ಇನ್ನು ಕೆಲವೆಡೆ ರಜೆ ಅರ್ಜಿಯೊಂದಿಗೇ ರಾಜೀನಾಮೆ ಪತ್ರ ಬರೆಸಿಕೊಳ್ಳುವ ರೂಢಿ. ದಾಖಲೆಯಲ್ಲಿ ಯಾರೂ ಯಾರನ್ನೂ ತೆಗೆದಿಲ್ಲ, ಹೆಣ್ಣುಮಗಳು ತಾನಾಗಿ ಬಿಟ್ಟಳು. ದೂರು ಹುಟ್ಟುವ ಮೊದಲೇ ಸಾಯುವುದು ಹೀಗೆ. ಬಳ್ಳಾರಿಯ ಕಾಂಟೋನ್ಮೆಂಟಿನಲ್ಲಾಗಲಿ, ಸಿರುಗುಪ್ಪದ ಬಸ್‌ ನಿಲ್ದಾಣದ ಸುತ್ತಲಿನ ಬೀದಿಗಳಲ್ಲಾಗಲಿ, ಕುರುಗೋಡಿನಲ್ಲಾಗಲಿ ಇಂಥ ಮಾತು ಕೇಳಿದ ಒಬ್ಬ ಸಿಸ್ಟರಾದರೂ ನಿಮ್ಮ ಪರಿಚಯದಲ್ಲಿರಬಹುದು. ಮನೆಗೆ ಹೋದ ಮೇಲೆ ಕೇಳಿ ನೋಡಿ.

ಕಾನೂನಿಲ್ಲ ಎಂದೇನೂ ಅಲ್ಲ, ಇದೆ, ಹಳೆಯದೂ ಹೌದು. 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ, ಸಿರುಗುಪ್ಪ ಸೀಮೆ ಮದ್ರಾಸಿಗೆ ಸೇರಿತ್ತು. ಆದ್ದರಿಂದ ನಮ್ಮ ಹೆಣ್ಣುಮಕ್ಕಳಿಗೆ ಮೊದಲು ಅನ್ವಯಿಸಿದ್ದು 1934ರ ಮದ್ರಾಸ್ ಹೆರಿಗೆ ಸೌಲಭ್ಯ ಕಾಯ್ದೆ. ಅದು ಕಾರ್ಖಾನೆಯ ಕೂಲಿಯವರಿಗೆ ಮಾಡಿದ್ದು, ಆಸ್ಪತ್ರೆಯ ನರ್ಸು ಅದರ ಹೊರಗೇ ಉಳಿದಳು. ಅದಕ್ಕೂ ಮುಂಚೆ, 1928ರ ಜುಲೈನಲ್ಲಿ, ಮುಂಬಯಿ ಶಾಸನ ಪರಿಷತ್ತಿನಲ್ಲಿ ಇಂಥದೇ ಮಸೂದೆ ಬಂದಾಗ ಡಾ. ಬಿ.ಆರ್. ಅಂಬೇಡ್ಕರ್ ಅದನ್ನು ಬೆಂಬಲಿಸಿ ಮಾತಾಡಿದ್ದರು. ಹೆರಿಗೆಯ ಮುಂಚೆ ಮತ್ತು ನಂತರ ತಾಯಿಗೆ ಬಿಡುವು ಸಿಗುವುದು ದೇಶದ ಹಿತ, ಹಾಗಾಗಿ ಅದರ ಹೊರೆಯ ದೊಡ್ಡ ಪಾಲನ್ನು ಸರ್ಕಾರವೇ ಹೊರಬೇಕು ಎಂಬುದು ಅವರ ವಾದ. ಅದು ಸಿಗುವವರೆಗೆ ಮಾಲೀಕನನ್ನು ಬಿಟ್ಟುಬಿಡಬೇಕು ಎಂದು ಅವರು ಹೇಳಲಿಲ್ಲ. ಹಣ ಯಾರು ಕೊಡಬೇಕು ಎಂಬ ಆ ಪ್ರಶ್ನೆ ಇವತ್ತಿಗೂ ಬಗೆಹರಿದಿಲ್ಲ. ಅದಕ್ಕೆ ಮತ್ತೆ ಬರುತ್ತೇನೆ.

ಇಡೀ ದೇಶಕ್ಕೆ ಒಂದೇ ಹೆರಿಗೆ ಸೌಲಭ್ಯ ಕಾಯ್ದೆ ಬಂದದ್ದು 1961ರಲ್ಲಿ. ಬಳ್ಳಾರಿಗೆ ಸರ್ಕಾರಿ ವೈದ್ಯಕೀಯ ಕಾಲೇಜು, ಅಂದರೆ ಮುಂದೆ ವಿಮ್ಸ್ ಎಂದು ಹೆಸರಾದದ್ದು, ಬಂದದ್ದೂ ಅದೇ ವರ್ಷ. ಆದರೆ ಆ ಕಾಯ್ದೆಯ ಕಣ್ಣು ಮೊದಲಿಗೆ ಕಾರ್ಖಾನೆ, ಗಣಿ, ತೋಟಗಳ ಮೇಲಿತ್ತು. ಹತ್ತು ಅಥವಾ ಅದಕ್ಕಿಂತ ಹೆಚ್ಚು ಜನ ದುಡಿಯುವ ಅಂಗಡಿಗಳು, ಸಂಸ್ಥೆಗಳು ದೇಶದುದ್ದಕ್ಕೂ ಒಳಗೆ ಬಂದದ್ದು 1988ರ ತಿದ್ದುಪಡಿಯಿಂದ. ಹೆರಿಗೆಗೆ ಮುಂಚಿನ ಹನ್ನೆರಡು ತಿಂಗಳಲ್ಲಿ 160 ದಿನ ದುಡಿದಿರಬೇಕು ಎಂದಿದ್ದುದು 80 ದಿನಕ್ಕೆ ಇಳಿದದ್ದೂ ಆಗಲೇ. 2017ರ ಏಪ್ರಿಲ್ 1ರಿಂದ ಹನ್ನೆರಡು ವಾರದ ಸಂಬಳದ ರಜೆ ಮೊದಲೆರಡು ಮಕ್ಕಳಿಗೆ 26 ವಾರವಾಯಿತು. ಐವತ್ತು ಜನರಿರುವ ಕಡೆ ಕೂಸಿನ ಮನೆ ಇರಬೇಕು ಎಂಬ ನಿಯಮವೂ ಆ ವರ್ಷವೇ ಬಂತು. 2025ರ ನವೆಂಬರ್ 21ರಂದು ಜಾರಿಯಾದ ಸಾಮಾಜಿಕ ಭದ್ರತಾ ಸಂಹಿತೆ ಈ ಹಳೆಯ ಕಾಯ್ದೆಯನ್ನು ತನ್ನ ಹೊಟ್ಟೆಯೊಳಗೆ ಹಾಕಿಕೊಂಡಿದೆ. ಹೆಸರು ಬದಲಾದರೂ ಮುಖ್ಯ ಹಕ್ಕುಗಳು ಹಾಗೆಯೇ ಇವೆ.

26 ವಾರ ಎಲ್ಲರಿಗೂ ಗೊತ್ತು. ನಾನು ಎತ್ತಿ ಹೇಳಬೇಕೆಂದಿರುವುದು ಯಾರೂ ಓದದ ಸಣ್ಣ ನಿಯಮಗಳನ್ನು. ಹೆರಿಗೆಯ ನಿರೀಕ್ಷಿತ ದಿನಕ್ಕೆ ಮುಂಚಿನ ಆರು ವಾರ, ಅದಕ್ಕೂ ಹಿಂದಿನ ಒಂದು ತಿಂಗಳು, ಆಕೆ ಕೇಳಿಕೊಂಡರೆ ಕಷ್ಟದ ಕೆಲಸವನ್ನಾಗಲಿ, ಬಹಳ ಹೊತ್ತು ನಿಂತು ಮಾಡುವ ಕೆಲಸವನ್ನಾಗಲಿ, ಬಸುರಿಗೆ ತೊಂದರೆ ತರಬಹುದಾದ ಕೆಲಸವನ್ನಾಗಲಿ ಕೊಡುವಂತಿಲ್ಲ. ಹೀಗೆ ಕೆಲಸ ಹಗುರ ಮಾಡಿದ್ದಕ್ಕೆ ಸಂಬಳ ಕಡಿಯುವಂತಿಲ್ಲ. ನಿಂತು ಮಾಡುವ ಕೆಲಸ ಎಂದಾಗ ವಾರ್ಡಿನ ನರ್ಸಿಗಿಂತ ಚೆನ್ನಾಗಿ ಹೊಂದುವ ಕಸುಬು ಯಾವುದಿದೆ? ಗರ್ಭಪಾತವಾದರೆ ಆರು ವಾರ ಸಂಬಳದ ರಜೆ ಉಂಟು. ಕೂಸಿಗೆ ಹದಿನೈದು ತಿಂಗಳಾಗುವವರೆಗೆ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಉಂಟು. ಕಾಯ್ದೆಯ ಸಾರಾಂಶವನ್ನು ಆ ಪ್ರದೇಶದ ಭಾಷೆಯಲ್ಲಿ, ಹೆಂಗಸರು ಕೆಲಸ ಮಾಡುವ ಜಾಗದಲ್ಲಿ, ಕಣ್ಣಿಗೆ ಬೀಳುವಂತೆ ತೂಗುಹಾಕಬೇಕು ಎಂದೂ ಕಾಯ್ದೆ ಹೇಳುತ್ತದೆ. ಹಾಗೆಂದರೆ ಸಿರುಗುಪ್ಪದ ನರ್ಸಿಂಗ್ ಹೋಮಿನಲ್ಲಿ ಕನ್ನಡದಲ್ಲಿ. ನಮ್ಮ ಹೆರಿಗೆ ವಾರ್ಡುಗಳ ಗೋಡೆಯ ಮೇಲೆ ಆರು ತಿಂಗಳು ಎದೆಹಾಲು ಮಾತ್ರ ಕೊಡಿ ಎಂಬ ಚಿತ್ರಪಟ ಇದ್ದೇ ಇರುತ್ತದೆ. 26 ವಾರವೆಂದರೂ ಅದೇ ಆರು ತಿಂಗಳು. ಆ ಪಟದ ಪಕ್ಕ ಈ ಸಾರಾಂಶವನ್ನು ಹಚ್ಚಲು ಖರ್ಚೇನೂ ಇಲ್ಲ.

ಈಗ ನ್ಯಾಯಾಲಯಗಳ ಕಡೆಗೆ ಹೋಗೋಣ. ಆರೋಗ್ಯ ಸೇವೆಯ ಮೂವರು ಹೆಣ್ಣುಮಕ್ಕಳ ಮೊಕದ್ದಮೆಗಳನ್ನು ನಾನು ಪದೇ ಪದೇ ಓದಿದ್ದೇನೆ.

ಮೊದಲನೆಯದು ಸೇನಾ ನರ್ಸಿಂಗ್ ಸೇವೆಯ ಲೆಫ್ಟಿನೆಂಟ್ ಸೆಲಿನಾ ಜಾನ್ ಅವರದು. ಮದುವೆಯಾದದ್ದೇ ತಪ್ಪಾಗಿ 1988ರಲ್ಲಿ ಅವರನ್ನು ಸೇವೆಯಿಂದ ಬಿಡುಗಡೆ ಮಾಡಲಾಯಿತು. 1977ರ ಸೇನಾ ಸೂಚನೆಯೊಂದು ಅದಕ್ಕೆ ಆಧಾರ. ಆ ನಿಯಮ ಮಹಿಳಾ ನರ್ಸಿಂಗ್ ಅಧಿಕಾರಿಗಳಿಗೆ ಮಾತ್ರ ಇತ್ತು, 1995ರಲ್ಲಿ ಅದನ್ನು ಹಿಂದಕ್ಕೆ ತೆಗೆದುಕೊಂಡರು. ಸುಪ್ರೀಂ ಕೋರ್ಟು ಆ ನಿಯಮವನ್ನು ಮೇಲ್ನೋಟಕ್ಕೇ ಮನಬಂದ ನಿಯಮವೆಂದು, ಲಿಂಗ ತಾರತಮ್ಯವೆಂದು ಕರೆದು 60 ಲಕ್ಷ ರೂಪಾಯಿ ಪರಿಹಾರ ಕೊಡಿಸಿದ್ದು 2024ರ ಫೆಬ್ರುವರಿಯಲ್ಲಿ. ನಡುವೆ ಕಳೆದದ್ದು 36 ವರ್ಷ. ಒಬ್ಬ ನರ್ಸಿನ ಇಡೀ ಸೇವಾವಧಿಗೆ ಅದು ಸಮ.

ಎರಡನೆಯದು ಚಂಡೀಗಢದ ಪಿಜಿಐ ಆಸ್ಪತ್ರೆಯ ನರ್ಸಿಂಗ್ ಅಧಿಕಾರಿ ದೀಪಿಕಾ ಸಿಂಗ್ ಹೂಡಿದ್ದು. ಅವರ ಗಂಡನಿಗೆ ಮೊದಲ ಮದುವೆಯಿಂದ ಇಬ್ಬರು ಮಕ್ಕಳಿದ್ದರು. ಆ ಮಕ್ಕಳ ಹೆಸರು ಈಕೆಯ ಸೇವಾ ದಾಖಲೆಯಲ್ಲಿತ್ತು, ಅವರ ಆರೈಕೆಗೆಂದು ಈಕೆ ರಜೆಯನ್ನೂ ಪಡೆದಿದ್ದರು. 2019ರ ಜೂನ್‌ನಲ್ಲಿ ತನ್ನ ಹೊಟ್ಟೆಯ ಮೊದಲ ಮಗು ಹುಟ್ಟಿದಾಗ ಆಸ್ಪತ್ರೆ, ಇದು ಮೂರನೆಯ ಮಗು, ಹೆರಿಗೆ ರಜೆ ಇಲ್ಲ ಎಂದಿತು. ಆಡಳಿತ ನ್ಯಾಯಮಂಡಳಿ ಆಸ್ಪತ್ರೆಯ ಮಾತನ್ನು ಒಪ್ಪಿತು, ಹೈಕೋರ್ಟೂ ಒಪ್ಪಿತು. 2022ರ ಆಗಸ್ಟ್ 16ರಂದು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ನಮ್ಮ ಕೊಡಗಿನವರೇ ಆದ ನ್ಯಾಯಮೂರ್ತಿ ಎ.ಎಸ್. ಬೋಪಣ್ಣ ಅವರ ಪೀಠ ಎರಡೂ ತೀರ್ಪುಗಳನ್ನು ತೆಗೆದುಹಾಕಿತು. ಮಲಮಕ್ಕಳನ್ನು ಸಾಕಿದ್ದಕ್ಕೆ ತಾಯಿಗೆ ದಂಡ ಹಾಕುವಂತಿಲ್ಲ, ಕುಟುಂಬವೆಂದರೆ ಒಂದೇ ಅಚ್ಚಿನದಲ್ಲ ಎಂಬುದು ಅದರ ತಿರುಳು. ಮರುಮದುವೆ, ಕೂಡಿಕೆಗಳನ್ನು ತಲೆಮಾರುಗಳಿಂದ ಕಂಡ ನಮ್ಮ ಸೀಮೆಗೆ ಇದು ಹೊಸ ವಿಚಾರವೇನಲ್ಲ.

ಮೂರನೆಯದು ನಮ್ಮ ಗುತ್ತಿಗೆ ನೌಕರರಿಗೆ ಎಲ್ಲಕ್ಕಿಂತ ಹತ್ತಿರದ್ದು. ದೆಹಲಿಯ ಜನಕಪುರಿ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆಯಲ್ಲಿ ಪೆಥಾಲಜಿ ವಿಭಾಗದ ಸೀನಿಯರ್ ರೆಸಿಡೆಂಟ್ ಆಗಿದ್ದ ಡಾ. ಕವಿತಾ ಯಾದವ್ 2017ರ ಜೂನ್ 1ರಿಂದ ಹೆರಿಗೆ ರಜೆ ಕೇಳಿದರು. ಅವರ ಗುತ್ತಿಗೆ ಮುಗಿಯುವುದು ಜೂನ್ 11ಕ್ಕೆ. ಹನ್ನೊಂದೇ ದಿನ ರಜೆ, ಆಮೇಲೆ ನೀನು ನಮ್ಮ ನೌಕರಳಲ್ಲ ಎಂದಿತು ಆಸ್ಪತ್ರೆ. ನ್ಯಾಯಮಂಡಳಿ, ಹೈಕೋರ್ಟು ಎರಡರಲ್ಲೂ ಸೋತು ಅವರು ಸುಪ್ರೀಂ ಕೋರ್ಟಿಗೆ ಹೋದರು. 2023ರ ಆಗಸ್ಟ್ 17ರ ತೀರ್ಪು ಸ್ಪಷ್ಟವಾಗಿದೆ: ಎಂಬತ್ತು ದಿನ ದುಡಿದ ಮೇಲೆ ಹಕ್ಕು ಹುಟ್ಟಿತು, ಗುತ್ತಿಗೆಯ ಅವಧಿ ಮುಗಿದರೂ ಆ ಸೌಲಭ್ಯ ಪೂರ್ತಿ ಸಿಗಬೇಕು. ನಮ್ಮಲ್ಲಿ ಹನ್ನೊಂದು ತಿಂಗಳ ಕರಾರು, ನಡುವೆ ಒಂದು ದಿನದ ಬ್ರೇಕ್, ಮತ್ತೆ ಹೊಸ ಕರಾರು ಎಂಬ ಪದ್ಧತಿ ಇದೆಯಲ್ಲ, ಅದನ್ನು ಹೆರಿಗೆಯ ವಿಷಯದಲ್ಲಿ ಗುರಾಣಿಯಾಗಿ ಹಿಡಿಯಲು ಈ ತೀರ್ಪಿನ ನಂತರ ದಾರಿಯಿಲ್ಲ. ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅದಕ್ಕೂ ಮೊದಲೇ, 2021ರಲ್ಲಿ, ಹೆರಿಗೆ ರಜೆ ಕೇಳಿದ್ದ ಗುತ್ತಿಗೆ ನೌಕರಳನ್ನು ಕೆಲಸದಿಂದ ತೆಗೆದದ್ದನ್ನು ರದ್ದು ಮಾಡಿ ಸರ್ಕಾರಕ್ಕೆ 25,000 ರೂಪಾಯಿ ಖರ್ಚು ವಿಧಿಸಿದ್ದರು. ತಾಯ್ತನ ನೌಕರಿಯ ಬಗೆಯನ್ನು ನೋಡಿಕೊಂಡು ಬದಲಾಗುವುದಿಲ್ಲ ಎಂಬ ನೆಲೆಯ ಮೇಲೆ ನಿಂತ ತೀರ್ಪು ಅದು.

ಈ ತೀರ್ಪುಗಳನ್ನು ಓದುವಾಗ ಸಂತೋಷ ಆಗುತ್ತದೆ. ಆಮೇಲೆ ಒಂದು ಲೆಕ್ಕ ಮನಸ್ಸನ್ನು ಕೊರೆಯುತ್ತದೆ. ಚಂಡೀಗಢದ ತಾಯಿ ಗೆದ್ದಾಗ ಮಗುವಿಗೆ ಮೂರು ವರ್ಷ ದಾಟಿತ್ತು. ದೆಹಲಿಯ ತಾಯಿಗೆ ಹಕ್ಕು ದಕ್ಕಿದ್ದು ರಜೆ ಕೇಳಿ ಆರು ವರ್ಷವಾದ ಮೇಲೆ. ಹಾಲೂಡಿಸಲು ಕೊಡಬೇಕಾದ ಬಿಡುವನ್ನು, ಕೂಸು ಶಾಲೆಗೆ ಹೋಗುವ ಹೊತ್ತಿಗೆ, ಯಾರು ಹೇಗೆ ಕೊಡಬಲ್ಲರು? ಹಣ ಕೊಡಬಹುದು, ದಿನಗಳನ್ನು ಕೊಡಲಾಗದು.

ಇನ್ನೊಂದನ್ನು ಗಮನಿಸಿ. ಈ ಮೂವರೂ ಸರ್ಕಾರಿ ಸಂಸ್ಥೆಗಳಲ್ಲಿದ್ದವರು. ಕೈಯಲ್ಲಿ ನೇಮಕಾತಿ ಆದೇಶವಿತ್ತು, ರಜೆ ತಿರಸ್ಕರಿಸಿದ ಪತ್ರವೋ ಬಿಡುಗಡೆಯ ಪತ್ರವೋ ಇತ್ತು. ಕಾಗದದ ಮೇಲೆ ಅನ್ಯಾಯ ನಡೆದಿತ್ತು, ಆದ್ದರಿಂದ ಕಾಗದದ ಮೇಲೆ ಹೋರಾಡಲು ಸಾಧ್ಯವಾಯಿತು. ನಮ್ಮ ಖಾಸಗಿ ನರ್ಸಿಂಗ್ ಹೋಮುಗಳ ಹುಡುಗಿಯರಲ್ಲಿ ಬಹಳ ಜನರ ಕೈಗೆ ನೇಮಕಾತಿ ಪತ್ರವೇ ಬಂದಿರುವುದಿಲ್ಲ. ಸಂಬಳ ಕೆಲವೊಮ್ಮೆ ಕವರಿನಲ್ಲಿ ಬರುತ್ತದೆ. ಔಟ್‌ಸೋರ್ಸ್ ಎಂದರೆ ಇನ್ನೂ ತೊಡಕು. ಆಸ್ಪತ್ರೆ ಏಜೆನ್ಸಿಯತ್ತ ಕೈ ತೋರಿಸುತ್ತದೆ, ಏಜೆನ್ಸಿ ಆಸ್ಪತ್ರೆಯತ್ತ. ಬಸುರಿ ನಡುವೆ ನಿಂತಿರುತ್ತಾಳೆ.

ಆದರೂ ಕಾಗದವಿಲ್ಲದವರು ಸೋಲಲೇಬೇಕು ಎಂದೇನಿಲ್ಲ. 2000ನೇ ಇಸವಿಯಲ್ಲಿ ಸುಪ್ರೀಂ ಕೋರ್ಟು ತೀರ್ಮಾನಿಸಿದ ದೆಹಲಿ ನಗರಪಾಲಿಕೆಯ ಮೊಕದ್ದಮೆಯನ್ನು ಇಲ್ಲಿ ನೆನೆಯಬೇಕು. ಅಲ್ಲಿದ್ದವರು ದಿನಗೂಲಿಯ ಹೆಂಗಸರು, ರಸ್ತೆ ಕೆಲಸದವರು. ಆದೇಶವಿಲ್ಲ, ಖಾಯಮಾತಿಯಿಲ್ಲ. ಅವರಿಗಿದ್ದದ್ದು ಹಾಜರಿ ಪಟ್ಟಿ, ಮಸ್ಟರ್ ರೋಲ್, ಒಂದೇ. ಅವರ ಪರವಾಗಿ ಹೋರಾಡಿದ್ದು ಅವರ ಕಾರ್ಮಿಕ ಸಂಘ. ಹೆರಿಗೆ ಸೌಲಭ್ಯ ಖಾಯಂ ನೌಕರರಿಗೆ ಮಾತ್ರ ಎಂದು ಕಾಯ್ದೆಯಲ್ಲಿ ಎಲ್ಲೂ ಬರೆದಿಲ್ಲ ಎಂದು ಹೇಳಿ ನ್ಯಾಯಾಲಯ ಅವರಿಗೆ ಹಕ್ಕನ್ನು ಕೊಡಿಸಿತು. ನಮ್ಮ ಸಿಸ್ಟರುಗಳಿಗೆ ಮಸ್ಟರ್ ರೋಲ್ ಯಾವುದು? ಡ್ಯೂಟಿ ಚಾರ್ಟು. ವಾರಕ್ಕೊಮ್ಮೆ ಗೋಡೆಗೆ ಅಂಟಿಸುವ ಆ ಹಾಳೆ. ವಾಟ್ಸಾಪ್ ಗುಂಪಿನಲ್ಲಿ ಬರುವ ಶಿಫ್ಟಿನ ಪಟ್ಟಿ. ಕೇಸ್ ಶೀಟಿನಲ್ಲಿ ಗಂಟೆಗೊಮ್ಮೆ ಹಾಕಿದ ಸಹಿ. ಎಂಬತ್ತು ದಿನ ದುಡಿದದ್ದಕ್ಕೆ ಇವು ಸಾಕ್ಷಿಯಾಗಬಲ್ಲವು. ನಾನು ಹೇಳಬೇಕಾದದ್ದು ಒಂದೇ ಇದ್ದರೆ ಇದು: ನಮ್ಮ ಊರುಗಳಲ್ಲಿ ಹೆರಿಗೆಯ ಹಕ್ಕು ಸೋಲುತ್ತಿರುವುದು ಕೋರ್ಟಿನಲ್ಲಿ ಅಲ್ಲ, ಬಸುರಿನ ಐದನೆಯ ತಿಂಗಳಿನ ಒಂದು ಬರೆಯದ ಕಾಗದದಲ್ಲಿ.

ಆಶಾ ಕಾರ್ಯಕರ್ತೆಯರ ಮಾತು ಬಿಟ್ಟರೆ ಈ ಉಪನ್ಯಾಸ ಅರ್ಧವಾಗುತ್ತದೆ. 2005ರಲ್ಲಿ ಶುರುವಾದ ಆ ಯೋಜನೆಯ ಮಾರ್ಗಸೂಚಿ ಆಶಾ ಎಂಥವಳಿರಬೇಕು ಎಂದು ಹೇಳುತ್ತದೆ: ಆ ಊರಿನವಳೇ, ಮದುವೆಯಾದವಳು ಅಥವಾ ವಿಧವೆ ಅಥವಾ ವಿಚ್ಛೇದಿತೆ, ವಯಸ್ಸು ಹೆಚ್ಚಾಗಿ 25ರಿಂದ 45. ಅಂದರೆ ಮಕ್ಕಳನ್ನು ಹೆರುವ ವಯಸ್ಸಿನ ಹೆಂಗಸರನ್ನೇ ಆರಿಸಿ ತೆಗೆದುಕೊಳ್ಳುತ್ತದೆ. ನಂತರ ಆಕೆಯನ್ನು ಸ್ವಯಂಸೇವಕಿ ಎನ್ನುತ್ತದೆ. ಸ್ವಯಂಸೇವಕಿ ನೌಕರಳಲ್ಲ, ನೌಕರಳಲ್ಲದವಳು ಹೆರಿಗೆ ಕಾಯ್ದೆಯ ಒಳಗೆ ಬರುವುದಿಲ್ಲ. ತೆಕ್ಕಲಕೋಟೆ ಸುತ್ತಲಿನ ಗದ್ದೆ ಊರುಗಳಿಂದ ನಡುರಾತ್ರಿ ಬೇರೆಯವರ ಮನೆಯ ಬಸುರಿಯನ್ನು ಆಂಬುಲೆನ್ಸಿನಲ್ಲಿ ಕೂರಿಸಿಕೊಂಡು ತಾಲ್ಲೂಕು ಆಸ್ಪತ್ರೆಗೆ ಬರುವವಳು ತಾನೂ ಬಸುರಿಯಾಗಿರಬಹುದು ಎಂಬ ಯೋಚನೆ ಯೋಜನೆ ಬರೆದವರಿಗೆ ಬರಲಿಲ್ಲವೇ? ನೌಕರಳೋ ಅಲ್ಲವೋ ಎಂಬ ವಿಷಯದಲ್ಲಿ ಅಂಗನವಾಡಿಯವರದ್ದೂ ಇದೇ ಕಥೆ. 2006ರಲ್ಲಿ ಕರ್ನಾಟಕದಿಂದಲೇ ಹೋದ ಅಮೀರ್‌ಬಿ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಅಂಗನವಾಡಿ ಕಾರ್ಯಕರ್ತೆಯದು ಸರ್ಕಾರಿ ಹುದ್ದೆಯಲ್ಲ ಎಂದಿತ್ತು. 2022ರಲ್ಲಿ ಗುಜರಾತಿನ ಮೊಕದ್ದಮೆಯಲ್ಲಿ ಅದೇ ನ್ಯಾಯಾಲಯ ಅವರಿಗೆ ಗ್ರಾಚ್ಯುಟಿ ಸಲ್ಲಬೇಕು ಎಂದಿತು. ಹದಿನಾರು ವರ್ಷದಲ್ಲಿ ಅಷ್ಟು ದೂರ ನಡೆದಿದ್ದೇವೆ. ಆಶಾ ಕಾರ್ಯಕರ್ತೆಯರು 2025ರ ಜನವರಿಯ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಗಳನ್ನು ಕಳೆದು ತಿಂಗಳಿಗೆ ಕನಿಷ್ಠ 10,000 ರೂಪಾಯಿಯ ಭರವಸೆ ಪಡೆದು ಬಂದರು. ಗೌರವಧನ ಎಂಬ ಹೆಸರು ಮಾತ್ರ ಹಾಗೇ ಉಳಿಯಿತು.

ಲಿಂಗ ತಾರತಮ್ಯದ ಬಗ್ಗೆ ಒಂದು ಕಹಿ ಸತ್ಯವನ್ನೂ ಹೇಳಬೇಕು. ಸಂವಿಧಾನದ 14, 15, 16ನೇ ವಿಧಿಗಳ ಕಟ್ಟುಪಾಡು ಉದ್ಯೋಗದಾತರ ಪೈಕಿ ಮುಖ್ಯವಾಗಿ ಸರ್ಕಾರದ ಮೇಲೆ. ಬ್ರಿಟನ್ನಿಗೆ 2010ರ ಸಮಾನತೆ ಕಾಯ್ದೆ ಇದೆ, ಬಸುರು ಮತ್ತು ಬಾಣಂತನದ ಕಾರಣಕ್ಕೆ ಕೆಟ್ಟದಾಗಿ ನಡೆಸಿಕೊಂಡರೆ ಖಾಸಗಿ ಆಸ್ಪತ್ರೆಯ ಮೇಲೂ ದಾವೆ ಹೂಡಬಹುದು. ಅಮೆರಿಕದಲ್ಲಿ 1976ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಬಸುರನ್ನು ವಿಮೆಯಿಂದ ಹೊರಗಿಡುವುದು ಲಿಂಗ ತಾರತಮ್ಯವಲ್ಲ ಎಂದಾಗ ಎರಡೇ ವರ್ಷದಲ್ಲಿ ಸಂಸತ್ತು ಕಾನೂನು ಮಾಡಿ ಅದನ್ನು ತಿದ್ದಿತು. ನಮ್ಮಲ್ಲಿ ಅಷ್ಟು ವಿಶಾಲವಾದ ಕಾನೂನು ಇನ್ನೂ ಬಂದಿಲ್ಲ. ಹೀಗಾಗಿ ಸಂದರ್ಶನದಲ್ಲಿ “ಮದುವೆ ಆಗೈತಾ? ಮಕ್ಕಳು ಯಾವಾಗ?” ಎಂದು ಕೇಳಿ ಹುಡುಗಿಯನ್ನು ವಾಪಸು ಕಳಿಸಿದರೆ ಹಿಡಿಯುವುದು ಕಷ್ಟ. ಎಲ್‌ಐಸಿಯಂಥ ಸರ್ಕಾರಿ ಸಂಸ್ಥೆಯೇ ಒಂದು ಕಾಲಕ್ಕೆ ಅರ್ಜಿಯಲ್ಲಿ ಮುಟ್ಟಿನ ದಿನ, ಗರ್ಭಪಾತದ ವಿವರ ಕೇಳುತ್ತಿತ್ತು. ತೊಂಬತ್ತರ ದಶಕದ ಆರಂಭದಲ್ಲಿ ನೀರಾ ಮಾಥುರ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಆ ಕಲಮುಗಳನ್ನು ತೆಗೆಯಲು ಹೇಳಿತು. ಅರ್ಜಿಯಿಂದ ಹೋದ ಪ್ರಶ್ನೆ ಬಾಯಲ್ಲಿ ಉಳಿದಿದೆ.

ಹಣದ ಪ್ರಶ್ನೆಗೆ ಬರುತ್ತೇನೆ ಎಂದಿದ್ದೆ. ಹತ್ತಿಪ್ಪತ್ತು ಹಾಸಿಗೆಯ ನರ್ಸಿಂಗ್ ಹೋಮಿನ ಡಾಕ್ಟರು ಕೇಳುತ್ತಾರೆ: “ಆರು ತಿಂಗಳು ಆಕೆಗೂ ಸಂಬಳ, ಬದಲಿಗೆ ಬಂದವಳಿಗೂ ಸಂಬಳ, ಎಲ್ಲಿಂದ ತರಲಿ?” ಈ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಇದಕ್ಕೆ ಉತ್ತರ ನೌಕರರ ವಿಮಾ ಯೋಜನೆಯಾದ ಇಎಸ್‌ಐನಲ್ಲಿದೆ. ಅದರ ವ್ಯಾಪ್ತಿಗೆ ಬಂದ ಸಂಸ್ಥೆಯಲ್ಲಿ ತಿಂಗಳಿಗೆ 21,000 ರೂಪಾಯಿಯವರೆಗೆ ಸಂಬಳವಿರುವ ನೌಕರಳ 26 ವಾರದ ಹೆರಿಗೆ ಭತ್ಯೆಯನ್ನು ಕೊಡುವುದು ಮಾಲೀಕರಲ್ಲ, ಇಎಸ್‌ಐ ನಿಗಮ. ಮಾಲೀಕರು ಮಾಡಬೇಕಾದದ್ದು ತಿಂಗಳ ವಂತಿಗೆ ತಪ್ಪದೆ ಕಟ್ಟುವುದು, ಆಕೆಯ ಹೆಸರನ್ನು ನಿಜವಾದ ಸಂಬಳದೊಂದಿಗೆ ನೋಂದಾಯಿಸುವುದು. ನಮ್ಮ ಸೀಮೆಯ ಬಹುಪಾಲು ನರ್ಸುಗಳ, ಆಯಾಗಳ ಸಂಬಳ ಈ ಮಿತಿಯೊಳಗೇ ಇದೆ. ಹತ್ತು ಜನರಿದ್ದರೆ ವ್ಯಾಪ್ತಿಗೆ ಬರಬೇಕೆಂಬ ಲೆಕ್ಕ ತಪ್ಪಿಸಲು ಒಂಬತ್ತೇ ಹೆಸರು ಬರೆಯುವ ಮಾಲೀಕರು ವಂತಿಗೆ ಉಳಿಸಿದೆವು ಎಂದುಕೊಳ್ಳುತ್ತಾರೆ, ಆದರೆ ಹೆರಿಗೆಯ ಹೊರೆಯನ್ನು ತಮ್ಮ ತಲೆಯ ಮೇಲೇ ಎಳೆದುಕೊಂಡಿರುತ್ತಾರೆ. ನಿಜಕ್ಕೂ ಒಂಬತ್ತೇ ಜನರಿರುವ ಕಡೆ ಏನು? ಅಲ್ಲಿ ಸರ್ಕಾರವೇ ಕೊಡಬೇಕು. 1928ರಲ್ಲಿ ಅಂಬೇಡ್ಕರ್ ಹೇಳಿದ್ದು ಅದನ್ನೇ.

ಈಗ ಕೊನೆಯದಾಗಿ, ಸಭೆಯಲ್ಲಿರುವ ಸಿಸ್ಟರುಗಳಿಗೆ, ನರ್ಸಿಂಗ್ ಕಾಲೇಜಿನ ವಿದ್ಯಾರ್ಥಿನಿಯರಿಗೆ. ಬಳ್ಳಾರಿಯಿಂದ ಹೈಕೋರ್ಟಿಗೆ ಹೋಗಬೇಕೆಂದರೆ ಧಾರವಾಡದ ಪೀಠಕ್ಕೆ ಹೋಗಬೇಕು. ಬಾಣಂತಿ ಕೂಸನ್ನು ಕಟ್ಟಿಕೊಂಡು ಅಷ್ಟು ದೂರ ಅಲೆಯುವುದು ಬೇಡ. ಮೊದಲ ಬಾಗಿಲು ಊರಲ್ಲೇ ಇದೆ, ಕಾರ್ಮಿಕ ಇಲಾಖೆಯ ಕಚೇರಿ. ಹೆರಿಗೆ ಸೌಲಭ್ಯ ಕೊಡದಿದ್ದರೆ, ಬಸುರಿನ ಕಾರಣಕ್ಕೆ ತೆಗೆದರೆ, ಅಲ್ಲಿಯ ನಿರೀಕ್ಷಕರಿಗೆ ವಿಚಾರಣೆ ಮಾಡಿ ಹಣ ಕೊಡಿಸುವ ಅಧಿಕಾರವಿದೆ. ಕೆಲಸದಿಂದ ತೆಗೆದ ಆದೇಶ ಕೈಗೆ ಬಂದಿದ್ದರೆ ಅರವತ್ತು ದಿನದೊಳಗೆ ಮೇಲ್ಮನವಿ ಹಾಕಬೇಕು. ಸಿಸೇರಿಯನ್ ಆಗಿ ಮಲಗಿದ ಹೆಣ್ಣಿಗೆ ಅರವತ್ತು ದಿನ ಕಣ್ಣುಮುಚ್ಚಿ ತೆಗೆಯುವುದರಲ್ಲಿ ಹೋಗುತ್ತದೆ, ಹಾಗಾಗಿ ಮನೆಯವರಿಗೆ ಈ ಮಾತು ಮೊದಲೇ ಹೇಳಿಡಿ.

ಅದಕ್ಕೂ ಮುಂಚೆ ಒಂದು ಅರ್ಜಿ. ಆಡಳಿತ ವರ್ಗದವರಿಗೆ, ಬಿಳಿ ಹಾಳೆಯ ಮೇಲೆ, ಕನ್ನಡದಲ್ಲೇ ಬರೆಯಿರಿ. ನಾನು ಇಂಥ ದಿನಾಂಕದಿಂದ ಇಲ್ಲಿ ದುಡಿಯುತ್ತಿದ್ದೇನೆ, ನನ್ನ ಹೆರಿಗೆಯ ನಿರೀಕ್ಷಿತ ದಿನ ಇದು, ಇಂಥ ದಿನದಿಂದ ಹೆರಿಗೆ ರಜೆ ಪಡೆಯುತ್ತೇನೆ, ಆ ಅವಧಿಯಲ್ಲಿ ಬೇರೆಲ್ಲೂ ದುಡಿಯುವುದಿಲ್ಲ, ನನ್ನ ಹೆರಿಗೆ ಸೌಲಭ್ಯವನ್ನು ನನಗೆ ಅಥವಾ ಇಂಥವರಿಗೆ ಕೊಡಬೇಕು. ಜೊತೆಗೆ ತಾಯಿ ಕಾರ್ಡಿನ ಪ್ರತಿ. ನಿಂತು ಮಾಡುವ ಡ್ಯೂಟಿ ಬೇಡವಾದರೆ ಅದನ್ನೂ ಅದರಲ್ಲೇ ಕೇಳಿ, ವೈದ್ಯರ ಚೀಟಿ ಲಗತ್ತಿಸಿ. ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳಿ. ತೆಗೆದುಕೊಳ್ಳಲು ಒಪ್ಪದಿದ್ದರೆ ಅಂಚೆ ಕಚೇರಿಗೆ ಹೋಗಿ ಆಸ್ಪತ್ರೆಯ ವಿಳಾಸಕ್ಕೆ ಸ್ಪೀಡ್ ಪೋಸ್ಟ್ ಮಾಡಿ, ರಸೀದಿಯನ್ನು ಇಟ್ಟುಕೊಳ್ಳಿ. ರಾಜೀನಾಮೆ ಪತ್ರಕ್ಕೆ ಸಹಿ ಕೇಳಿದರೆ, ಮನೆಯವರನ್ನು ಕೇಳಿ ನಾಳೆ ಬರುತ್ತೇನೆ ಎಂದು ಹೇಳಿ ಎದ್ದು ಬನ್ನಿ.